ಅತಿಥಿಗೆ ನಮಸ್ಕಾರ, ಪ್ರಬಂಧಕ್ಕೆ ಪ್ರಶ್ನೆ: ಕಾಂಡಕೋಶ ಗೋಷ್ಠಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಆಗಸ್ಟ್‌ನಲ್ಲಿ ಹೊಸ ಪಿಎಚ್.ಡಿ. ವಿದ್ಯಾರ್ಥಿಗಳು ಬಂದು ಸೇರಿದ ಮೇಲೆ ಹದಿನೈದು ದಿನ ನನ್ನ ಕೋಣೆಯ ಬಾಗಿಲಲ್ಲಿ ಅವೇ ಪ್ರಶ್ನೆಗಳು. ಹೇಳಿ ಹೇಳಿ ನನಗೆ ಉತ್ತರಗಳೆಲ್ಲ ಬಾಯಿಪಾಠವಾಗಿವೆ. ಈ ಸಲ ಬರೆದೇ ಇಡೋಣ ಎಂದುಕೊಂಡೆ. ಬೆಂಗಳೂರಿನ ನಮ್ಮ ಸಂಸ್ಥೆಗೆ ಕಾಂಡಕೋಶಗಳ (ಸ್ಟೆಮ್ ಸೆಲ್; ತನ್ನಂಥದನ್ನೂ ಬೇರೆ ಬಗೆಯ ಕೋಶಗಳನ್ನೂ ಹುಟ್ಟಿಸಬಲ್ಲ ಕೋಶ) ಮೇಲೆ ಕೆಲಸ ಮಾಡುವ ವಿಜ್ಞಾನಿಗಳು ಬೇರೆ ಊರುಗಳಿಂದ, ಬೇರೆ ದೇಶಗಳಿಂದ ಬರುತ್ತಾರೆ. ಅವರು ಬರುವ ಮೊದಲು ಅವರ ಸಂಶೋಧನಾ ಪ್ರಬಂಧವನ್ನು ಒಟ್ಟಿಗೆ ಕೂತು ಓದುವುದೇ ಈ ಗೋಷ್ಠಿ. ಕೆಳಗಿನ ಕೆಲವು ಉತ್ತರಗಳು ಉದ್ದ, ಕೆಲವು ಒಂದೇ ಸಾಲು. ಪ್ರಶ್ನೆಯ ಯೋಗ್ಯತೆಗೆ ತಕ್ಕಷ್ಟು ಎಂದು ತಿಳಿಯಿರಿ.

ಗೋಷ್ಠಿಯಲ್ಲಿ ನಡೆಯುವುದಾದರೂ ಏನು?

ಅತಿಥಿಯ ಉಪನ್ಯಾಸ ಗುರುವಾರ ಸಂಜೆ. ನಾವು ಸೇರುವುದು ಅದಕ್ಕೂ ಮುಂಚಿನ ಮಂಗಳವಾರ. ಎದುರಿಗೆ ಎರಡು ಪ್ರಬಂಧಗಳಿರುತ್ತವೆ. ಒಂದು ಅತಿಥಿಯ ಇತ್ತೀಚಿನದು. ಇನ್ನೊಂದು ಆ ಕೆಲಸ ಯಾವ ಬೇರಿನಿಂದ ಚಿಗುರಿತೋ ಆ ಹಳೆಯದು. ಒಬ್ಬರು ಚಿತ್ರಗಳನ್ನು ವಿವರಿಸುತ್ತಾರೆ, ಉಳಿದವರು ಅಡ್ಡಿ ಮಾಡುತ್ತಾರೆ. ಗುರುವಾರ ಉಪನ್ಯಾಸ ಮುಗಿದ ಮೇಲೆ ಅತಿಥಿ ಒಂದು ಗಂಟೆ ವಿದ್ಯಾರ್ಥಿಗಳ ಜತೆ ಮಾತ್ರ ಕೂರುತ್ತಾರೆ. ಆ ಹೊತ್ತಿನಲ್ಲಿ ಅಧ್ಯಾಪಕರಿಗೆ ಒಳಗೆ ಪ್ರವೇಶವಿಲ್ಲ, ನನಗೂ ಇಲ್ಲ.

ಉಪನ್ಯಾಸವನ್ನು ಹೇಗೂ ಕೇಳುತ್ತೇವಲ್ಲ, ಪ್ರಬಂಧವನ್ನೂ ಓದಬೇಕೇ?

ಓದಲೇಬೇಕು. ಉಪನ್ಯಾಸ ಎಂಬುದು ಮದುವೆ ಮನೆಯ ಊಟದೆಲೆ, ಪ್ರಬಂಧ ಅದರ ಹಿಂದಿನ ಅಡುಗೆಮನೆ. ಎಲೆಯ ಮೇಲೆ ಬಡಿಸಿದ್ದನ್ನು ನೋಡಿ ಯಾವ ಪಾತ್ರೆ ಸೀದಿತ್ತೆಂದು ಗೊತ್ತಾಗುವುದಿಲ್ಲ.

ಜಪಾನಿನ ವಿಜ್ಞಾನಿಗಳಾದ ಶಿನ್ಯಾ ಯಮನಾಕ ಮತ್ತು ಕಜುತೋಶಿ ತಕಹಾಶಿ 2006ರಲ್ಲಿ ಪ್ರಕಟಿಸಿದ ಪ್ರಬಂಧವನ್ನೇ ನೋಡಿ. ಉಪನ್ಯಾಸಗಳಲ್ಲಿ ಅದು ಒಂದು ಸಾಲಿನ ವಿಷಯ: ಇಲಿಯ ಚರ್ಮದಿಂದ ತೆಗೆದ ಕೋಶಕ್ಕೆ ನಾಲ್ಕು ಜೀನ್‌ಗಳನ್ನು ಸೇರಿಸಿದರೆ ಅದು ಭ್ರೂಣದ ಕಾಂಡಕೋಶದಂತೆ ವರ್ತಿಸುತ್ತದೆ. ಪ್ರಬಂಧ ತೆರೆದರೆ ಮೊದಲು ಸಿಗುವುದು 24 ಜೀನ್‌ಗಳ ಪಟ್ಟಿ. ಒಂದೊಂದನ್ನೇ ಸೇರಿಸಿದಾಗ ಏನೂ ಆಗಲಿಲ್ಲ. ಇಪ್ಪತ್ತನಾಲ್ಕನ್ನೂ ಒಟ್ಟಿಗೆ ಹಾಕಿದಾಗ ಕೆಲವು ಕೋಶಗುಂಪುಗಳು ಕಾಣಿಸಿಕೊಂಡವು. ಆಮೇಲೆ ಪ್ರತಿ ಸಲವೂ ಒಂದೊಂದನ್ನು ಬಿಟ್ಟು ಉಳಿದ 23ನ್ನು ಹಾಕಿ ನೋಡಿದರು. ಸಾರಿನ ರುಚಿ ಯಾವುದರಿಂದ ಬಂತೆಂದು ತಿಳಿಯಲು ಒಂದೊಂದು ಸಾಮಾನು ಬಿಟ್ಟು ಮತ್ತೆ ಮತ್ತೆ ಕುದಿಸಿದ ಹಾಗೆ. 24 ಹತ್ತಕ್ಕಿಳಿಯಿತು, ಹತ್ತು ನಾಲ್ಕಕ್ಕಿಳಿಯಿತು.

ಇನ್ನೂ ಒಂದು ವಿಷಯ ಪ್ರಬಂಧದಲ್ಲಿ ಮಾತ್ರ ಕಾಣುತ್ತದೆ. ಅವರು ಎಣಿಸಿದ್ದು ನೇರವಾಗಿ ‘ಕಾಂಡಕೋಶ’ಗಳನ್ನಲ್ಲ. ಭ್ರೂಣದ ಕಾಂಡಕೋಶಗಳಲ್ಲಿ ಚುರುಕಾಗಿರುವ ಎಫ್‌ಬಿಎಕ್ಸ್15 ಎಂಬ ಜೀನ್‌ನ ಜಾಗದಲ್ಲಿ ಔಷಧಿಯನ್ನು ತಡೆದುಕೊಳ್ಳುವ ಜೀನ್ ಒಂದನ್ನು ಕೂರಿಸಿದ್ದರು. ಔಷಧಿ ಹಾಕಿದಾಗ ಬದುಕುಳಿದವನ್ನು ಎಣಿಸಿದರು. ಬದುಕುಳಿದದ್ದೆಲ್ಲ ನಿಜವಾದ ಬಹುಸಾಮರ್ಥ್ಯದ, ಅಂದರೆ ದೇಹದ ಯಾವ ಬಗೆಯ ಕೋಶವಾದರೂ ಆಗಬಲ್ಲ, ಕೋಶವೇ? ಆ ಪ್ರಶ್ನೆಗೆ ಮೊದಲ ಪ್ರಬಂಧದ ಉತ್ತರ ಅರೆಬರೆ. ಆ ಕೋಶಗಳಿಂದ ಬೆಳೆದುನಿಂತ ಇಲಿ ಹುಟ್ಟಿರಲಿಲ್ಲ. ಮಾರನೆಯ ವರ್ಷ ನ್ಯಾನಾಗ್ ಎಂಬ ಇನ್ನೊಂದು ಜೀನನ್ನು ಜರಡಿಯಾಗಿ ಇಟ್ಟುಕೊಂಡಾಗ ಇಲಿಗಳು ಹುಟ್ಟಿದವು, ಮುಂದಿನ ಪೀಳಿಗೆಗೂ ಆ ಕೋಶಗಳು ದಾಟಿದವು. ಆದರೆ ಆ ಮರಿಗಳಲ್ಲಿ ಸುಮಾರು ಶೇಕಡಾ 20ರಷ್ಟಕ್ಕೆ ಗೆಡ್ಡೆಗಳಾದವು. ಕಾರಣ, ಸೇರಿಸಿದ ನಾಲ್ಕರಲ್ಲಿ ಒಂದಾದ ಸಿ-ಮಿಕ್ ಮತ್ತೆ ಎಚ್ಚೆತ್ತಿತ್ತು. ಯಮನಾಕರಿಗೆ ಬಂದ 2012ರ ನೊಬೆಲ್ ಬಹುಮಾನದ ಸುದ್ದಿಯಲ್ಲಿ ಈ ಗೆಡ್ಡೆಗಳಿಗೆ ಹೆಚ್ಚು ಜಾಗ ಸಿಗಲಿಲ್ಲ. ಪ್ರಬಂಧದಲ್ಲಿ ಸಿಕ್ಕಿದೆ.

ಅತಿಥಿಯ ಹೊಸ ಪ್ರಬಂಧ ಸರಿ. ಅರುವತ್ತು ವರ್ಷ ಹಳೆಯದನ್ನು ಯಾಕೆ ಓದಿಸುತ್ತೀರಿ?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು 1961ರ ಟಿಲ್ ಮತ್ತು ಮೆಕಲಕ್ ಪ್ರಬಂಧವನ್ನು ಕೊಡುತ್ತೇನೆ. ಇದು ನನ್ನ ಚಟವೆಂದು ಹಿರಿಯ ವಿದ್ಯಾರ್ಥಿಗಳು ಆಡಿಕೊಳ್ಳುತ್ತಾರೆ, ಒಪ್ಪಿಕೊಂಡೆ.

ಟೊರಾಂಟೊದಲ್ಲಿ ಜೇಮ್ಸ್ ಟಿಲ್ ಭೌತವಿಜ್ಞಾನಿ, ಅರ್ನೆಸ್ಟ್ ಮೆಕಲಕ್ ವೈದ್ಯರು. ಪ್ರಬಂಧದ ಶೀರ್ಷಿಕೆಯಲ್ಲಿ ಕಾಂಡಕೋಶದ ಮಾತೇ ಇಲ್ಲ. ಇಲಿಯ ಅಸ್ಥಿಮಜ್ಜೆಯ ಕೋಶಗಳು ವಿಕಿರಣವನ್ನು ಎಷ್ಟು ತಾಳುತ್ತವೆಂದು ಅಳೆಯಲು ಹೊರಟವರು ಅವರು. ಮಜ್ಜೆಯೆಲ್ಲ ಸಾಯುವಷ್ಟು ವಿಕಿರಣವನ್ನು ಇಲಿಗಳಿಗೆ ಕೊಟ್ಟು, ಬೇರೆ ಇಲಿಯ ಮಜ್ಜೆಯ ಕೋಶಗಳನ್ನು ಎಣಿಸಿ ಚುಚ್ಚಿದರು. ಹತ್ತು ದಿನದ ಮೇಲೆ ನೋಡಿದರೆ ಇಲಿಯ ಗುಲ್ಮದ (ಸ್ಪ್ಲೀನ್) ಮೇಲೆ ಬರಿಗಣ್ಣಿಗೆ ಕಾಣುವ ಗಂಟುಗಳು. ಎಷ್ಟು ಕೋಶ ಚುಚ್ಚಿದ್ದರೋ ಅದಕ್ಕೆ ತಕ್ಕಷ್ಟೇ ಗಂಟುಗಳು: ಸುಮಾರು ಹತ್ತು ಸಾವಿರ ಕೋಶಕ್ಕೆ ಒಂದು. ಕಾಗದದ ಮೇಲೆ ಗುರುತು ಹಾಕಿದರೆ ನೇರ ಗೆರೆ.

ಇಲ್ಲಿ ನಿಲ್ಲಿಸಿ ನಾನು ತರಗತಿಗೆ ಕೇಳುತ್ತೇನೆ: ಒಂದು ಗಂಟು ಒಂದೇ ಕೋಶದಿಂದ ಹುಟ್ಟಿತೆಂದು ಈ ನೇರ ಗೆರೆ ಸಾಬೀತು ಮಾಡುತ್ತದೆಯೇ? ಮುಕ್ಕಾಲು ಜನ ಹೌದು ಎನ್ನುತ್ತಾರೆ. ಮಾಡುವುದಿಲ್ಲ. ಅಂಟಿಕೊಂಡ ಮೂರು ನಾಲ್ಕು ಕೋಶಗಳ ಮುದ್ದೆಯೊಂದು ಗಂಟಾದರೂ ಗೆರೆ ನೇರವಾಗಿಯೇ ಬರುತ್ತದೆ. ಇದು ಅವರಿಗೂ ಗೊತ್ತಿತ್ತು. ಅದಕ್ಕೇ 1963ರಲ್ಲಿ ಆಂಡ್ರ್ಯೂ ಬೆಕರ್ ಜತೆ ಇನ್ನೊಂದು ಪ್ರಯೋಗ. ವಿಕಿರಣದಿಂದ ಕೆಲವು ಕೋಶಗಳ ವರ್ಣತಂತುಗಳು ಮುರಿದು ಅಡ್ಡಾದಿಡ್ಡಿ ಕೂಡಿಕೊಳ್ಳುತ್ತವೆ, ಒಂದೊಂದು ಕೋಶದಲ್ಲಿ ಒಂದೊಂದು ರೀತಿ. ದನಕ್ಕೆ ಹಾಕಿದ ಬರೆಯ ಹಾಗೆ ಅದು ಸಂತತಿಗೂ ಇಳಿಯುತ್ತದೆ. ಅಂಥ ಗುರುತಿದ್ದ ಗಂಟನ್ನು ಬಿಡಿಸಿ ನೋಡಿದರೆ ವಿಭಜನೆಯಾಗುತ್ತಿದ್ದ ಹೆಚ್ಚುಕಡಿಮೆ ಎಲ್ಲ ಕೋಶಗಳಲ್ಲೂ ಅದೇ ಮುರಿತ. ಆಗ ತೀರ್ಮಾನ ಗಟ್ಟಿಯಾಯಿತು. ಅದೇ ವರ್ಷ ಲೂ ಸಿಮಿನೋವಿಚ್ ಕೂಡ ಸೇರಿ, ಒಂದು ಗಂಟಿನ ಕೋಶಗಳನ್ನು ಇನ್ನೊಂದು ಇಲಿಗೆ ಚುಚ್ಚಿದರೆ ಮತ್ತೆ ಗಂಟುಗಳು ಹುಟ್ಟುತ್ತವೆಂದು ತೋರಿಸಿದರು. ತನ್ನಂಥದನ್ನೇ ಹುಟ್ಟಿಸುವುದು, ಬೇರೆ ಬಗೆಯದನ್ನೂ ಹುಟ್ಟಿಸುವುದು: ಕಾಂಡಕೋಶದ ಎರಡೂ ಲಕ್ಷಣ ಅಳತೆಗೆ ಸಿಕ್ಕಿದ್ದು ಹೀಗೆ.

ಕತೆ ಇಲ್ಲಿಗೆ ಮುಗಿಯಲಿಲ್ಲ. ಆ ಗಂಟುಗಳಲ್ಲಿ ಬಹಳಷ್ಟು ನಿಜವಾದ ಕಾಂಡಕೋಶದಿಂದಲ್ಲ, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ, ಆಯುಸ್ಸು ಕಡಿಮೆಯಿರುವ ಕೋಶಗಳಿಂದ ಹುಟ್ಟಿದ್ದವೆಂದು ಮುಂದೆ ಗೊತ್ತಾಯಿತು. ಅಳತೆ ಸರಿಯಾಗಿತ್ತು, ಅಳೆದದ್ದು ಏನು ಎಂಬುದು ಬದಲಾಯಿತು. ಗುರುವಾರ ಬರುವ ಅತಿಥಿಯ ಪ್ರಬಂಧಕ್ಕೂ ಇದೇ ಆಗಬಹುದು. ಹಳೆಯದನ್ನು ಓದಿಸುವುದು ಅದಕ್ಕೆ.

ಓದುವಾಗ ಸಾರಾಂಶ ಮೊದಲೋ, ಚಿತ್ರಗಳು ಮೊದಲೋ?

ಚಿತ್ರಗಳು. ಚಿತ್ರದ ಅಡಿಬರಹವನ್ನೂ ಕೈಯಿಂದ ಮುಚ್ಚಿಕೊಂಡು, ಇದರಿಂದ ನೀವಾಗಿದ್ದರೆ ಏನು ಹೇಳುತ್ತಿದ್ದಿರಿ ಎಂದು ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆಯಿರಿ. ಆಮೇಲೆ ಲೇಖಕರು ಹೇಳಿದ್ದನ್ನು ನೋಡಿ. ಎರಡೂ ಹೊಂದದಿದ್ದರೆ ಮಂಗಳವಾರ ಮಾತನಾಡಲು ನಿಮ್ಮ ಬಳಿ ವಿಷಯವಿದೆ.

‘ಇದು ಕಾಂಡಕೋಶ’ ಎಂದು ಪ್ರಬಂಧ ಹೇಳಿದರೆ ಯಾವ ಪುರಾವೆ ಕೇಳಬೇಕು?

ಕೋಶದ ಮೇಲೆ ಇಂಥ ಪ್ರೋಟೀನ್ ಇದೆ, ಆದ್ದರಿಂದ ಕಾಂಡಕೋಶ ಎನ್ನುವ ವಾದವನ್ನು ಒಪ್ಪಬೇಡಿ. ಅದು ಪೊಲೀಸ್ ಟೋಪಿ ಹಾಕಿಕೊಂಡವರನ್ನೆಲ್ಲ ಪೊಲೀಸರೆಂದು ನಂಬಿದ ಹಾಗೆ. ಒಂದೇ ಕೋಶದಿಂದ ಶುರುವಾಗಿ, ಬಹುಕಾಲ ಉಳಿದು, ಅಂಗದ ಎಲ್ಲ ಬಗೆಯ ಕೋಶಗಳೂ ಹುಟ್ಟಿದವೇ ಎಂದು ಕೇಳಿ.

ಒಳ್ಳೆಯ ಉದಾಹರಣೆ ನೆದರ್‌ಲ್ಯಾಂಡ್ಸ್‌ನ ಹಾನ್ಸ್ ಕ್ಲೆವರ್ಸ್ ತಂಡದ 2007ರ ಪ್ರಬಂಧ. ಇಲಿಯ ಸಣ್ಣಕರುಳಿನ ಗುಳಿಗಳ ತಳದಲ್ಲಿ ಎಲ್‌ಜಿಆರ್5 ಎಂಬ ಪ್ರೋಟೀನ್ ಇರುವ ಕೋಶಗಳಿಗೆ ಅಳಿಸಲಾಗದ ನೀಲಿ ಗುರುತು ಹಾಕಿದರು. ಗುರುತು ಗುಳಿಯ ತಳದಿಂದ ಮೇಲಕ್ಕೆ ಪಟ್ಟಿಯಂತೆ ಏರಿತು. 60 ದಿನಗಳಾದರೂ ಪಟ್ಟಿಗಳು ಹಾಗೆಯೇ ಇದ್ದವು. ಕರುಳಿನ ಒಳಪದರ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗುತ್ತದೆ ಎಂಬುದನ್ನು ನೆನಪಿಟ್ಟುಕೊಂಡು ಆ ಚಿತ್ರ ನೋಡಿ, ಮೈ ಜುಮ್ಮೆನ್ನುತ್ತದೆ. 2009ರಲ್ಲಿ ಅದೇ ತಂಡದ ತೋಶಿರೊ ಸಾಟೊ ಅಂಥ ಒಂದೇ ಕೋಶವನ್ನು ತಟ್ಟೆಯಲ್ಲಿ ಬೆಳೆಸಿ ಪುಟ್ಟ ಕರುಳನ್ನೇ ಕಟ್ಟಿದರು. ತಟ್ಟೆಯಲ್ಲಿ ಬೆಳೆಸುವ ಇಂಥ ಪುಟ್ಟ ಅಂಗಗಳ, ಅಂದರೆ ಈಗ ಎಲ್ಲರ ಬಾಯಲ್ಲೂ ಇರುವ ಆರ್ಗನಾಯ್ಡ್‌ಗಳ ಕತೆಗೆ ದೊಡ್ಡ ತಿರುವು ಸಿಕ್ಕಿದ್ದು ಅಲ್ಲಿ.

ಪ್ರಕಟವಾದ ಮೇಲೆ ಹಿಂಪಡೆದ ಪ್ರಬಂಧಗಳನ್ನೂ ಓದಿಸುತ್ತೀರಂತೆ, ಅದರಿಂದ ಏನು ಲಾಭ?

ವರ್ಷಕ್ಕೆ ಒಂದು ವಾರ ಅದಕ್ಕೇ ಮೀಸಲು. ಬೇರೆಯವರ ತಪ್ಪನ್ನು ನೋಡಿ ನಗುವುದಕ್ಕಲ್ಲ. ಓದುಗರಾಗಿ ನಮಗೆ ಏನನ್ನು ಹಿಡಿಯಲು ಸಾಧ್ಯವಿತ್ತು, ಏನನ್ನು ಸಾಧ್ಯವಿರಲಿಲ್ಲ ಎಂದು ಬೇರ್ಪಡಿಸುವುದಕ್ಕೆ.

2014ರ ಜನವರಿಯಲ್ಲಿ ಜಪಾನಿನ ರಿಕೆನ್ ಸಂಸ್ಥೆಯಿಂದ ಸ್ಟ್ಯಾಪ್ ಕೋಶಗಳ ಎರಡು ಪ್ರಬಂಧಗಳು ಬಂದವು. ಇಲಿಮರಿಯ ಕೋಶಗಳನ್ನು ಅರ್ಧ ಗಂಟೆಯಷ್ಟು ಹೊತ್ತು ಹುಳಿ ದ್ರಾವಣದಲ್ಲಿ ಅದ್ದಿದರೆ ಸಾಕು, ಭ್ರೂಣಕೋಶದಂತಾಗುತ್ತವೆ ಎಂದು ವಾದ. ಯಮನಾಕ ತಂಡ 24 ಜೀನ್‌ಗಳ ಜತೆ ಹೆಣಗಿದ್ದನ್ನು ಓದಿದವರಿಗೆ ಇಷ್ಟು ಸುಲಭವೇ ಎನಿಸದಿರದು. ಅನುಮಾನವೊಂದೇ ಪುರಾವೆಯಲ್ಲ, ನಿಜ. ಆದರೆ ಪ್ರಬಂಧದೊಳಗೇ ಒಂದು ಪರೀಕ್ಷೆ ಇತ್ತು. ಬೆಳೆದ ಟಿ ಕೋಶ (ರೋಗನಿರೋಧಕ ಬಿಳಿ ರಕ್ತಕೋಶ) ತನ್ನ ಡಿಎನ್‌ಎಯ ಒಂದು ಭಾಗವನ್ನು ಕತ್ತರಿಸಿ ಜೋಡಿಸಿಕೊಂಡಿರುತ್ತದೆ, ಅದನ್ನು ಹಿಂದಕ್ಕೆ ತಿರುಗಿಸಲಾಗದು. ಟಿ ಕೋಶ ನಿಜವಾಗಿ ರೂಪ ಬದಲಿಸಿದ್ದರೆ ಹೊಸ ಕೋಶದಲ್ಲೂ ಆ ಕತ್ತರಿ ಗುರುತು ಉಳಿಯಬೇಕು. ಮಾರ್ಚ್‌ನಲ್ಲಿ ತಂಡದವರೇ ಹೊರತಂದ ವಿಧಾನದ ಟಿಪ್ಪಣಿಯಲ್ಲಿ, ಪರೀಕ್ಷಿಸಿದ ಎಂಟು ಕಾಂಡಕೋಶ ಸಾಲುಗಳಲ್ಲಿ (ಒಂದೇ ಮೂಲದಿಂದ ಲ್ಯಾಬಿನಲ್ಲಿ ಬೆಳೆಸಿಕೊಂಡು ಬಂದ ಕೋಶಗಳಲ್ಲಿ) ಆ ಗುರುತು ಇಲ್ಲವೆಂಬ ವಾಕ್ಯವಿತ್ತು. ಆ ಒಂದು ವಾಕ್ಯದ ಭಾರ ಎಷ್ಟೆಂದು ಅಳೆಯುವುದೇ ನಮ್ಮ ಆ ವಾರದ ಕೆಲಸ. ಜುಲೈ ಹೊತ್ತಿಗೆ ಎರಡೂ ಪ್ರಬಂಧಗಳನ್ನು ಹಿಂಪಡೆಯಲಾಯಿತು. ಕೊನೆಗೆ ತನಿಖೆಯಲ್ಲಿ ಕಂಡದ್ದು, ಆ ಕೋಶಗಳು ಮೊದಲೇ ಲ್ಯಾಬಿನಲ್ಲಿದ್ದ ಭ್ರೂಣದ ಕಾಂಡಕೋಶಗಳು.

ಕೊರಿಯಾದ ಹ್ವಾಂಗ್ ವೂ-ಸುಕ್ ಅವರ 2004 ಮತ್ತು 2005ರ ಪ್ರಬಂಧಗಳದ್ದು ಬೇರೆ ಪಾಠ. 2006ರ ಜನವರಿಯಲ್ಲಿ ಎರಡೂ ಹಿಂಪಡೆಯಲ್ಪಟ್ಟವು. ತದ್ರೂಪಿ ಭ್ರೂಣದಿಂದ ಬಂದದ್ದೆಂದು ಹೇಳಿದ್ದ ಮೊದಲ ಕೋಶಸಾಲು ವಾಸ್ತವದಲ್ಲಿ ಫಲಿತವಾಗದ ಅಂಡ ತಾನೇ ವಿಭಜನೆಗೊಂಡು ಹುಟ್ಟಿದ್ದೆಂದು 2007ರಲ್ಲಿ ಬೇರೆ ತಂಡ ತೋರಿಸಿತು. ಅದೇ ಒಂದು ಸ್ವಾರಸ್ಯದ ಸಂಗತಿ. ಅದನ್ನು ಪ್ರಾಮಾಣಿಕವಾಗಿ ವರದಿ ಮಾಡಿದ್ದರೂ ಹೆಸರು ಬರುತ್ತಿತ್ತು.

ಅಸ್ಥಿಮಜ್ಜೆಯ ಕೋಶಗಳು ಯಾವ ಅಂಗವಾದರೂ ಆಗಬಲ್ಲವು ಎಂಬ ಅರ್ಥದ 2002ರ ಇನ್ನೊಂದು ಪ್ರಸಿದ್ಧ ಪ್ರಬಂಧ ಹಿಂಪಡೆಯಲ್ಪಟ್ಟದ್ದು 2024ರಲ್ಲಿ. ನಡುವೆ 22 ವರ್ಷ, ಸಾವಿರಾರು ಉಲ್ಲೇಖಗಳು. ಹೆಚ್ಚು ಉಲ್ಲೇಖಗೊಂಡಿದೆ ಎಂಬುದನ್ನು ನಮ್ಮ ಗೋಷ್ಠಿಯಲ್ಲಿ ಯಾರಾದರೂ ವಾದವಾಗಿ ಬಳಸಿದರೆ ನಾನು ಈ ಅಂಕಿಯನ್ನು ಹಲಗೆಯ ಮೇಲೆ ಬರೆದು ಸುಮ್ಮನೆ ಕೂರುತ್ತೇನೆ.

ಅತಿಥಿ ದೊಡ್ಡವರು. ಅವರ ಪ್ರಬಂಧದಲ್ಲಿ ತೊಡಕು ಕಂಡರೆ ಎದುರಿಗೇ ಹೇಳುವುದು ಹೇಗೆ?

ನಮ್ಮ ಮನೆಗಳಲ್ಲಿ ಅತಿಥಿಯನ್ನು ಪ್ರಶ್ನಿಸುವುದಿಲ್ಲ, ಹಿರಿಯರನ್ನಂತೂ ಇಲ್ಲವೇ ಇಲ್ಲ. ಆ ಸಂಸ್ಕಾರ ಇರಲಿ. ಎದ್ದು ನಿಂತು ನಮಸ್ಕರಿಸಿ, ನೀರು ಕೊಡಿ, ಕುರ್ಚಿ ಸರಿಸಿ. ಆದರೆ ಪ್ರಬಂಧ ನಮ್ಮ ಅತಿಥಿಯಲ್ಲ. ಅದನ್ನು ಕೇಳಬಹುದು. ದೂರದಿಂದ ಬಂದವರಿಗೆ ಅತ್ಯಂತ ಬೇಸರ ತರಿಸುವುದು ಪ್ರಶ್ನೆಯಿಲ್ಲದ ಸಭೆ.

‘ನಿಮ್ಮ ತೀರ್ಮಾನ ತಪ್ಪು’ ಎನ್ನಬೇಡಿ. ‘ಮೂರನೆಯ ಚಿತ್ರದಲ್ಲಿ ಕಸಿ ಮಾಡಿದ ಕೋಶಗಳು ಅಲ್ಲಿದ್ದ ಕೋಶಗಳೊಂದಿಗೆ ಬೆರೆತು ಒಂದಾಗಿರುವ ಸಾಧ್ಯತೆಯನ್ನು ಹೇಗೆ ತಳ್ಳಿಹಾಕಿದಿರಿ?’ ಎಂದು ಕೇಳಿ. ಚಿತ್ರದ ಸಂಖ್ಯೆ ಹೇಳಿದ ಪ್ರಶ್ನೆಗೆ ಯಾರೂ ಮುನಿಸಿಕೊಂಡದ್ದನ್ನು ನಾನು ಕಂಡಿಲ್ಲ.

ಒಂದು ಎಚ್ಚರಿಕೆ. ನಾನು ವಿದ್ಯಾರ್ಥಿಯಾಗಿದ್ದಾಗ ತುಂಬಿದ ಸಭೆಯಲ್ಲಿ ಎದ್ದು, ಅತಿಥಿಯೊಬ್ಬರಿಗೆ ‘ಕೋಶಗಳನ್ನು ಚುಚ್ಚದ, ಬರಿ ದ್ರಾವಣ ಕೊಟ್ಟ ಇಲಿಗಳ ಗುಂಪು ಎಲ್ಲಿ?’ ಎಂದು ಗತ್ತಿನಿಂದ ಕೇಳಿದ್ದೆ. ಅವರು ಮೆಲ್ಲಗೆ ‘ಪೂರಕ ಚಿತ್ರ ನಾಲ್ಕು’ ಎಂದರು. ನಾನು ಪೂರಕ ಚಿತ್ರಗಳನ್ನು ಇಳಿಸಿಕೊಂಡೇ ಇರಲಿಲ್ಲ. ಚಹಾದ ಹೊತ್ತಿನಲ್ಲಿ ಕಂಬದ ಹಿಂದೆ ನಿಂತಿದ್ದೆ.

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಗೋಷ್ಠಿಯಲ್ಲಿ ಮಾತನಾಡಲು ಹಿಂಜರಿಕೆಯಾಗುತ್ತದೆ.

ಮಂಗಳವಾರ ಕನ್ನಡದಲ್ಲೇ ವಿವರಿಸಿ, ಬೇರೆ ರಾಜ್ಯದವರಿಗೆ ಪಕ್ಕದವರು ಹೇಳುತ್ತಾರೆ. ಗುರುವಾರದ ಒಂದು ಗಂಟೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ಪ್ರಶ್ನೆಯನ್ನು ಬರೆದುಕೊಂಡು ಓದಿದರೂ ನಡೆಯುತ್ತದೆ. ನಾನು ಕಂಡಂತೆ, ಕನ್ನಡದಲ್ಲಿ ಹೇಳಲು ಹೊರಟಾಗ ಅರ್ಥವಾಗದೆ ಉಳಿದ ಜಾಗ ತಕ್ಷಣ ಬಯಲಾಗುತ್ತದೆ. ಇಂಗ್ಲಿಷಿನಲ್ಲಿ ಪ್ರಬಂಧದ ವಾಕ್ಯವನ್ನೇ ಒಪ್ಪಿಸಿ ಪಾರಾಗಬಹುದು, ಕನ್ನಡದಲ್ಲಿ ಆ ಅನುಕೂಲವಿಲ್ಲ.

ಪದದ ವಿಷಯಕ್ಕೆ ಬಂದರೆ, ‘ಕಾಂಡಕೋಶ’ ಯಾಕೆ, ‘ಆಕರಕೋಶ’ ಅಲ್ಲವೇ ಎಂಬ ಜಗಳ ಪ್ರತಿ ವರ್ಷ ಇದ್ದದ್ದೇ. ಎರಡೂ ನಡೆಯಲಿ. ಆದರೆ ಕಾಂಡದ ಪರವಾಗಿ ಒಂದು ಮಾತು. 1868ರಲ್ಲಿ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ ಜರ್ಮನ್ ಭಾಷೆಯಲ್ಲಿ ‘ಸ್ಟಾಮ್‌ಸೆಲ್ಲ’ (ಸ್ಟಾಮ್ ಎಂದರೆ ಕಾಂಡ) ಎಂದಾಗ ಅವರ ಕಣ್ಣಮುಂದೆ ಇದ್ದದ್ದು ಎಲ್ಲ ಜೀವಿಗಳ ಮೂಲಪುರುಷನಾದ ಏಕಕೋಶ ಜೀವಿ. ಅವರು ಬಿಡಿಸುತ್ತಿದ್ದ ವಂಶವೃಕ್ಷದ ಬುಡದಲ್ಲಿ ಅದರ ಜಾಗ. ವಂಶಕ್ಕೆ ವೃಕ್ಷದ ಹೋಲಿಕೆ ನಮ್ಮಲ್ಲೂ ಇದೆ, ಹಾಗಾಗಿ ಕಾಂಡ ಹೊರಗಿನಿಂದ ತಂದು ನೆಟ್ಟದ್ದೇನೂ ಅಲ್ಲ.

ಬರುವ ಅತಿಥಿಗಳೆಲ್ಲ ಹೊರದೇಶದವರೇ? ನಮ್ಮಲ್ಲಿ ಈ ಕೆಲಸ ನಡೆಯುತ್ತಿಲ್ಲವೇ?

ನಡೆಯುತ್ತಿದೆ, ಅದನ್ನೂ ಓದುತ್ತೇವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲೇ ಕಾಂಡಕೋಶ ಸಂಶೋಧನೆಯ ಇನ್‌ಸ್ಟೆಮ್ ಇದೆ, 2009ರಲ್ಲಿ ಶುರುವಾದ ಸಂಸ್ಥೆ. ಹತ್ತಿರದ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ, ಗರ್ಭಧಾರಣೆಗೆ ಬಳಸದೆ ಬಿಟ್ಟ ಭ್ರೂಣಗಳಿಂದ ಬಿಜೆಎನ್‌ಹೆಮ್19 ಮತ್ತು ಬಿಜೆಎನ್‌ಹೆಮ್20 ಎಂಬ ಮಾನವ ಕಾಂಡಕೋಶ ಸಾಲುಗಳನ್ನು ಬೆಳೆಸಿತು.

ಕಳೆದ ಕೆಲವು ವರ್ಷಗಳಲ್ಲಿ ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಕೆಲಸ. ರಕ್ತ ಹೆಪ್ಪುಗಟ್ಟದ ಹೀಮೊಫಿಲಿಯಾ ಎ ಕಾಯಿಲೆ ತೀವ್ರವಾಗಿದ್ದ ಐವರು ರೋಗಿಗಳಿಂದ ರಕ್ತದ ಕಾಂಡಕೋಶಗಳನ್ನು ತೆಗೆದು, ರಕ್ತ ಹೆಪ್ಪುಗಟ್ಟಲು ಬೇಕಾದ, ಅವರಲ್ಲಿ ಕೊರತೆಯಿದ್ದ ಎಂಟನೆಯ ಅಂಶದ (ಫ್ಯಾಕ್ಟರ್ 8) ಜೀನನ್ನು ವೈರಸ್ ಮೂಲಕ ಸೇರಿಸಿ, ಅವರಿಗೇ ಮರಳಿಸಿದರು. 2024ರ ಡಿಸೆಂಬರ್‌ನಲ್ಲಿ ಪ್ರಕಟವಾದ ಪ್ರಬಂಧದ ಪ್ರಕಾರ ಆ ಐವರಲ್ಲಿ ವಾರ್ಷಿಕ ರಕ್ತಸ್ರಾವದ ಪ್ರಮಾಣ ಸೊನ್ನೆ. ಚಪ್ಪಾಳೆ ತಟ್ಟಿ, ಆಮೇಲೆ ಪೆನ್ಸಿಲ್ ತೆಗೆಯಿರಿ: ಐದೇ ಜನ, ನಿಗಾವಣೆಯ ಅವಧಿಯ ಮಧ್ಯಾಂಕ 14 ತಿಂಗಳು, ಜತೆಗೆ ಮಜ್ಜೆಯನ್ನು ಖಾಲಿ ಮಾಡುವ ಕೀಮೋ ಔಷಧಿಯ ಹೊರೆ. ನಮ್ಮವರ ಪ್ರಬಂಧವೆಂದು ಪ್ರಶ್ನೆಗೆ ರಿಯಾಯಿತಿ ಇಲ್ಲ.

ಭ್ರೂಣಗಳ ಮೇಲಿನ ಪ್ರಯೋಗದ ನೈತಿಕತೆಯನ್ನು ಚರ್ಚಿಸುತ್ತೀರಾ?

ಹೌದು, ಎರಡು ಮಂಗಳವಾರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿ ಮಾನವ ಭ್ರೂಣವನ್ನು 14 ದಿನ ಮೀರಿ ಬೆಳೆಸಲು ಬಿಡುವುದಿಲ್ಲ. ಕಾಂಡಕೋಶ ಸಂಶೋಧಕರ ಅಂತರರಾಷ್ಟ್ರೀಯ ಸಂಘ 2021ರಲ್ಲಿ ಈ ಗಡಿಯನ್ನು ಸಡಿಲಿಸಿತು. ಎರಡನ್ನೂ ಓದಿಕೊಂಡು ಬನ್ನಿ.

ಊರಿಗೆ ಹೋದರೆ ‘ಸ್ಟೆಮ್ ಸೆಲ್ ಓದುತ್ತೀಯಲ್ಲ, ಮಾವನ ಬೆನ್ನುಹುರಿ ಪೆಟ್ಟಿಗೆ ಆ ಇಂಜೆಕ್ಷನ್ ಕೊಡಿಸೋಣವೇ?’ ಎಂದು ಕೇಳುತ್ತಾರೆ. ಏನು ಹೇಳಲಿ?

ಗೋಷ್ಠಿಗೆ ಸಂಬಂಧವಿಲ್ಲದ ಪ್ರಶ್ನೆ ಎಂದು ಮೊದಲೆಲ್ಲ ಪಕ್ಕಕ್ಕಿಡುತ್ತಿದ್ದೆ. ಈಗ ಇಡುವುದಿಲ್ಲ. ಸಾಲ ಮಾಡಿ ಲಕ್ಷಗಟ್ಟಲೆ ಸುರಿದವರನ್ನು ನಾನೇ ಕಂಡಿದ್ದೇನೆ.

ಹೀಗೆ ಹೇಳಿ. ರಕ್ತದ ಕಾಯಿಲೆಗಳಿಗೆ ಮಜ್ಜೆಯ ಅಥವಾ ರಕ್ತದ ಕಾಂಡಕೋಶ ಕಸಿ ದಶಕಗಳಿಂದ ನಡೆದುಬಂದ ಚಿಕಿತ್ಸೆ. 2017ರ ಮಾರ್ಗಸೂಚಿಯ ಪ್ರಕಾರ ಅದರ ಆಚೆಯದೆಲ್ಲ ಸಂಶೋಧನೆ. ಆಮೇಲೆ ಔಷಧ ನಿಯಂತ್ರಕರು ನಿರ್ದಿಷ್ಟ ಕಾಯಿಲೆಗಳಿಗೆಂದು ಬೆರಳೆಣಿಕೆಯ ಉತ್ಪನ್ನಗಳಿಗೆ ಅನುಮತಿ ಕೊಟ್ಟಿದ್ದಾರೆ, ಆ ಅನುಮತಿ ಆ ಉತ್ಪನ್ನಕ್ಕೆ, ಆ ಕಾಯಿಲೆಗೆ ಮಾತ್ರ. 2007ರ ಮಾರ್ಗಸೂಚಿಯ ಹೆಸರಿನಲ್ಲಿ ‘ಚಿಕಿತ್ಸೆ’ ಎಂಬ ಪದವೂ ಇತ್ತು, 2013ರಲ್ಲಿ ಅದನ್ನು ಬೇಕೆಂದೇ ಕೈಬಿಟ್ಟರು. ಪ್ರಯೋಗದ ಹಂತದಲ್ಲಿರುವುದನ್ನು ಕೊಡುವವರು ಸರ್ಕಾರಿ ನೋಂದಣಿಯ ಸಂಖ್ಯೆಯನ್ನು ತೋರಿಸಬೇಕು, ರೋಗಿಯಿಂದ ಅದಕ್ಕೆ ಹಣ ಕೇಳಬಾರದು. ಈ ಎರಡನ್ನು ಕೇಳಿದರೆ ಸಾಕು, ಅರ್ಧ ಅಂಗಡಿಗಳ ಬಾಗಿಲು ತಾವಾಗಿಯೇ ಮುಚ್ಚುತ್ತವೆ. ಮಾವನ ಮುಂದೆ ಇದನ್ನು ಹೇಳುವಾಗ ತರಗತಿಯ ಧ್ವನಿ ಬೇಡ. ಅವರು ಆಸೆಯಿಂದ ಕೇಳಿದ್ದಾರೆ.

ಪ್ರಬಂಧದ ಸಾರವನ್ನು ಎಐಯಿಂದ ಬರೆಸಿಕೊಂಡು ಬರಬಹುದೇ?

ಬರೆಸಿಕೊಳ್ಳಿ. ಆದರೆ ಮಂಗಳವಾರ ನಾನು ಕೇಳುವುದು ಚಿತ್ರ ಎರಡರ ಮೂರನೆಯ ಪಟ್ಟಿ ಯಾಕೆ ಗಿಡ್ಡವಿದೆ ಎಂದು.

ಹಾಜರಿ, ಅಂಕ?

ಎರಡು ಸಲ ತಪ್ಪಿಸಬಹುದು. ಅಂಕವಿಲ್ಲ.

ಅತಿಥಿಯ ಜತೆಗಿನ ಆ ಒಂದು ಗಂಟೆಯಲ್ಲಿ ಏನು ಕೇಳಬೇಕು?

ಪ್ರಬಂಧಕ್ಕೆ ಸೇರದೆ ಹೋದ ಪ್ರಯೋಗ ಯಾವುದು ಎಂದು ಕೇಳಿ. ಎಷ್ಟು ಸಲ ಕೆಟ್ಟಿತು, ಕೈಬಿಡುವ ಮನಸ್ಸು ಯಾವಾಗ ಬಂತು, ಪರಿಶೀಲಕರು ಏನನ್ನು ಮತ್ತೆ ಮಾಡಿಸಿದರು, ಈಗ ಅದೇ ಪ್ರಬಂಧವನ್ನು ಬರೆದರೆ ಯಾವ ವಾಕ್ಯವನ್ನು ಮೆತ್ತಗೆ ಮಾಡುತ್ತೀರಿ? ಒಮ್ಮೆ ಹೀಗೆ ಕೇಳಿದ್ದಕ್ಕೆ ಅತಿಥಿಯೊಬ್ಬರು ತಮ್ಮ ಲ್ಯಾಪ್‌ಟಾಪ್ ತೆರೆದು, ಪ್ರಕಟವಾಗದ ಹನ್ನೊಂದು ಗ್ರಾಫ್‌ಗಳನ್ನು ತೋರಿಸುತ್ತಾ ವಿಮಾನವನ್ನೇ ತಪ್ಪಿಸಿಕೊಳ್ಳುವುದರಲ್ಲಿದ್ದರು. ಊಟ, ಹವೆ, ಬೆಂಗಳೂರಿನ ಟ್ರಾಫಿಕ್ ಬೇಡ. ಅದನ್ನು ಅಧ್ಯಾಪಕರು ಊಟದ ಹೊತ್ತಿಗೆ ಮುಗಿಸಿರುತ್ತಾರೆ.

ಮೊದಲ ಮಂಗಳವಾರಕ್ಕೆ ಏನು ತರಬೇಕು?

1961ರ ಪ್ರಬಂಧದ ಮುದ್ರಿತ ಪ್ರತಿ, ಪೆನ್ಸಿಲ್, ಅಳತೆಪಟ್ಟಿ. ಅಳತೆಪಟ್ಟಿ ಯಾಕೆಂದರೆ ಆ ನೇರ ಗೆರೆಯ ಮೇಲೆ ಎಷ್ಟು ಚುಕ್ಕೆಗಳು ನಿಜವಾಗಿ ಕೂತಿವೆಯೆಂದು ನೀವೇ ಇಟ್ಟು ನೋಡಬೇಕು. ಚಹಾ ನಾವು ಕೊಡುತ್ತೇವೆ, ಲೋಟ ನಿಮ್ಮದು.